ಚಕ್ರದ ಮನೆಗೊಂದು ಆಕಾಶದ ತಟ್ಟೆ

ಮನೆಗೆ ಟಿವಿ ಸಂಪರ್ಕ ಹಾಕಿಸುವುದು ಈಗ ದೊಡ್ಡ ಸಂಗತಿಯಲ್ಲ. ಬೀದಿಯ ಕೇಬಲ್‌ನವನಿಗೆ ಹೇಳಿದರಾಯಿತು. ಇಲ್ಲವೇ ಯಾವುದಾದರೊಂದು ಡಿಶ್ ಕಂಪನಿಗೆ ಫೋನ್ ಮಾಡಿದರೆ ಇಬ್ಬರು ಹುಡುಗರು ಏಣಿ ಹೊತ್ತು ಬಂದು ತಾರಸಿಯ ಮೇಲೆ ತಟ್ಟೆ ಕೂರಿಸಿ ಹೋಗುತ್ತಾರೆ. ಆದರೆ ಮನೆಗೇ ಚಕ್ರಗಳಿದ್ದರೆ? ಇವತ್ತು ಹಾಸನ, ನಾಳೆ ಧರ್ಮಸ್ಥಳ, ನಾಡಿದ್ದು ಕೊಲ್ಲೂರು ಎಂದು ಆ ಮನೆ ಊರೂರು ತಿರುಗುವುದಾದರೆ ತಟ್ಟೆಯನ್ನು ಯಾವ ಕಡೆ ತಿರುಗಿಸುವುದು, ಸಂಪರ್ಕವನ್ನು ಯಾವ ವಿಳಾಸಕ್ಕೆ ಬರೆಸುವುದು?

2023ರ ಕೊನೆಯಲ್ಲಿ ಜಯನಗರ ನಾಲ್ಕನೇ ಟಿ ಬ್ಲಾಕ್‌ನ ಒಂದು ಮನೆಯಲ್ಲಿ ಈ ಪ್ರಶ್ನೆ ಒಂದು ತಿಂಗಳ ಕಾಲ ಚರ್ಚೆಯಾಯಿತು. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ತಮ್ಮನ ಜೊತೆ ಸೇರಿ ಹಳೆಯದೊಂದು ಕ್ಯಾರವಾನ್ ಕೊಂಡಿದ್ದರು. ಎರಡು ಮಂಚ, ಪುಟ್ಟ ಅಡುಗೆ ಕಟ್ಟೆ, ಹಿಂದೆ ಶೌಚಾಲಯ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸದ ಮಾತು ಬಂದ ಮೇಲೆ ಇಂಥ ವಾಹನಗಳು ನಮ್ಮ ರಸ್ತೆಗಳಲ್ಲೂ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತಿವೆ. (ಸಾಮಾನ್ಯ ವ್ಯಾನಿಗೆ ಮಂಚ ಬಡಿದು ಹೊರಟುಬಿಡುವಂತಿಲ್ಲ. ವಾಹನದ ಸ್ವರೂಪ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಇವರು ಕೊಂಡದ್ದು ದಾಖಲೆಗಳು ಸರಿಯಿದ್ದ ವಾಹನ.)

ಇಷ್ಟು ವಯಸ್ಸಾದ ಮೇಲೆ ಈ ಶೋಕಿ ಏಕೆ ಎಂದು ನೆಂಟರು ಕೇಳಿದ್ದುಂಟು. ಅದು ಶೋಕಿಯಾಗಿರಲಿಲ್ಲ. ಮನೆಯಲ್ಲಿ 82 ವರ್ಷದ ಅಜ್ಜಿ ಇದ್ದರು, ಯಜಮಾನರ ತಾಯಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಬಸ್ಸು ಹತ್ತುವಂತಿಲ್ಲ, ಹೆಚ್ಚು ಹೊತ್ತು ಕೂರುವಂತಿಲ್ಲ. ಕೊಲ್ಲೂರಿಗೆ ಇನ್ನೊಮ್ಮೆ ಹೋಗಬೇಕೆಂಬ ಆಸೆ ಮಾತ್ರ ಹಾಗೆಯೇ ಉಳಿದಿತ್ತು. ಮಲಗಿಕೊಂಡೇ ಪ್ರಯಾಣ ಮಾಡಬಹುದಾದ ವಾಹನ ಎಂಬ ಕಾರಣಕ್ಕೆ ಕ್ಯಾರವಾನ್ ಬಂತು.

ಟಿವಿಯ ಮಾತು ಬಂದದ್ದು ಸೊಸೆಯಿಂದ. ಹಿಂದಿನ ವರ್ಷ ಮೈಸೂರಿನಲ್ಲಿ ಮದುವೆಗೆಂದು ಹೋಗಿ ಲಾಡ್ಜಿನಲ್ಲಿ ಉಳಿದಿದ್ದಾಗ ಅಜ್ಜಿ ಸಂಜೆಯಾಗುತ್ತಲೇ ತಳಮಳಿಸಿದ್ದರು. ರಾತ್ರಿ ಎದ್ದು ಕೂತು, 'ಇದು ಯಾರ ಮನೆ? ನಮ್ಮನೆಗೆ ಹೋಗೋಣ ನಡಿಯೇ' ಎಂದು ಸೊಸೆಯ ಕೈ ಹಿಡಿದು ಅತ್ತಿದ್ದರು. ಮನೆಯಲ್ಲಿದ್ದರೆ ಹಾಗಾಗುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಒಂದು ಧಾರಾವಾಹಿ, ಊಟವಾದ ಮೇಲೆ ಚಂದನದಲ್ಲಿ 'ಥಟ್ ಅಂತ ಹೇಳಿ', ಆಮೇಲೆ ನಿದ್ದೆ. 2002ರಲ್ಲಿ ಶುರುವಾದ ಆ ರಸಪ್ರಶ್ನೆಯ ಡಾ. ನಾ. ಸೋಮೇಶ್ವರರ ದನಿ ಕೇಳಿದರೆ ಅಜ್ಜಿಗೆ ತಾವಿರುವುದು ತಮ್ಮ ಮನೆಯಲ್ಲೇ ಎಂಬ ನೆಮ್ಮದಿ. ಉತ್ತರಗಳನ್ನೂ ಹೇಳುತ್ತಿದ್ದರು. ಸಾಹಿತ್ಯದ ಪ್ರಶ್ನೆಯಾದರೆ ಸ್ಪರ್ಧಿಗಳಿಗಿಂತ ಮುಂಚೆ.

'ರೀ, ಅತ್ತೆಗೆ ಆ ಟಿವಿ ಇದ್ದರೇ ನಾನು ಬರೋದು. ಇಲ್ಲದೇ ಹೋದರೆ ನೀವೂ ನಿಮ್ಮ ತಮ್ಮನೂ ಹೋಗಿ ಬನ್ನಿ,' ಎಂದರು ಆಕೆ. ರಾತ್ರಿಯೆಲ್ಲ ಎದ್ದು ಕೂರುವ ಪಾಳಿ ಯಾರದು ಎಂಬುದು ಆಕೆಗಲ್ಲದೆ ಇನ್ನಾರಿಗೆ ಗೊತ್ತು?

ಮೊದಲು ಅಂಗಡಿಗಳ ಸುತ್ತಾಟವಾಯಿತು. ನಾಲ್ಕನೇ ಬ್ಲಾಕಿನ ಒಂದು ಅಂಗಡಿಯ ಹುಡುಗ, 'ಸಾರ್, ವ್ಯಾನ್ ಮೇಲೆ ಫಿಟ್ ಮಾಡಿ ಕೊಡ್ತೀವಿ, ಓಡ್ತಾ ಓಡ್ತಾನೇ ನೋಡ್ಬಹುದು,' ಎಂದ. ಬನಶಂಕರಿಯ ಇನ್ನೊಂದು ಅಂಗಡಿಯವರು 300ಕ್ಕೂ ಹೆಚ್ಚು ಚಾನೆಲ್‌ಗಳ ಪಟ್ಟಿಯನ್ನೇ ಕೈಗಿತ್ತರು. ಎರಡೂ ಕಡೆ ವಾಹನ ಎಲ್ಲೆಲ್ಲಿ ನಿಲ್ಲುತ್ತದೆ, ನೋಡುವವರು ಯಾರು ಎಂದು ಯಾರೂ ಕೇಳಲಿಲ್ಲ. ಆಯ್ಕೆಯಲ್ಲಿ ಮೊದಲು ಕೇಳಬೇಕಾದದ್ದು ಇವೆರಡೇ.

ಓಡುತ್ತ ನೋಡುವ ಮಾತನ್ನು ಇಲ್ಲಿಯೇ ಮುಗಿಸಿಬಿಡಬಹುದು. ಉಪಗ್ರಹವಿರುವುದು ಭೂಮಧ್ಯರೇಖೆಯ ನೇರಕ್ಕೆ 35,786 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದಿಂದ ಬರುವ ಕ್ಷೀಣ ಅಲೆಯನ್ನು 60 ಸೆಂಟಿಮೀಟರಿನ ತಟ್ಟೆ ಒಂದು ಬಿಂದುವಿಗೆ ಕೂಡಿಸಿಕೊಳ್ಳಬೇಕು. ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಲೆಕ್ಕ ಹಾಕಿದರೆ ಆ ತಟ್ಟೆಯ ನೋಟದ ಅಗಲ ಸುಮಾರು ಮೂರು ಡಿಗ್ರಿ. ಅಂದರೆ ಗುರಿ ಒಂದೂವರೆ ಡಿಗ್ರಿ ಆಚೀಚೆಯಾದರೆ ಚಿತ್ರ ಒಡೆಯತೊಡಗುತ್ತದೆ. ತಿರುವಿನಲ್ಲಿ ವ್ಯಾನು ವಾಲಿದರೆ ಸಾಕು. ಓಡುವಾಗಲೂ ಉಪಗ್ರಹವನ್ನು ಹಿಂಬಾಲಿಸುವ, ಗುಮ್ಮಟದೊಳಗೆ ತಾನೇ ತಿರುಗುವ ಆಂಟೆನಾಗಳು ಹೊರದೇಶಗಳಲ್ಲಿ ಇವೆ. ಅವುಗಳ ಬೆಲೆಗೆ ಅಜ್ಜಿಯನ್ನು ನಾಲ್ಕು ಸಲ ವಿಮಾನದಲ್ಲಿ ಮಂಗಳೂರಿಗೆ ಕರೆದೊಯ್ಯಬಹುದು. ಈ ಮನೆಗೆ ಬೇಕಾದದ್ದು ನಿಂತಾಗ ನೋಡುವ ಟಿವಿ.

ತಟ್ಟೆ ಇಷ್ಟು ಚಿಕ್ಕದಾದದ್ದೂ ಇತ್ತೀಚೆಗೆ. ಕರ್ನಾಟಕಕ್ಕೆ ಉಪಗ್ರಹದ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ ಎಂಬುದು ಬಡಾವಣೆಗಳ ಎಷ್ಟೋ ಜನರಿಗೆ ತಿಳಿಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ನಮ್ಮಲ್ಲಿ ಆರಿಸಿದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಆಗಿನ ತಟ್ಟೆ ಮೂರು ಮೀಟರ್ ಅಗಲ, ಮಾಡಿದ್ದು ಕೋಳಿ ಗೂಡಿಗೆ ಹಾಕುವ ತಂತಿ ಬಲೆಯಿಂದ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. 1990ರ ದಶಕದಲ್ಲಿ ಜಯನಗರ, ಜೆ.ಪಿ. ನಗರದ ಕೇಬಲ್‌ನವರು ತಾರಸಿಗಳ ಮೇಲೆ ಎಂಟು ಹತ್ತು ಅಡಿಯ ಬಾಣಲೆಗಳನ್ನು ಕೂರಿಸಿದ್ದನ್ನು ಕಂಡವರಿದ್ದಾರೆ. ಅದು ಏಳೂವರೆ ಸೆಂಟಿಮೀಟರ್ ಅಲೆಯ ಕಾಲ. ಅಲೆ ಗಿಡ್ಡವಾದಂತೆ ತಟ್ಟೆಯೂ ಗಿಡ್ಡವಾಯಿತು. ಅದಕ್ಕೆ ತೆತ್ತ ಬೆಲೆಯೆಂದರೆ, ಗಿಡ್ಡ ಅಲೆಯನ್ನು ಜೋರು ಮಳೆ ಹೆಚ್ಚು ಹೀರಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆಗೆ ಹೋಗಿ ಚಿತ್ರ ನಿಲ್ಲಲಿಲ್ಲ ಎಂದು ಕಂಪನಿಯನ್ನು ಬೈದು ಫಲವಿಲ್ಲ.

ಯಾವ ಸೇವೆ ಎಂಬುದಕ್ಕೆ ಸೊಸೆ ಹಿಡಿದ ದಾರಿ ಬಲು ಸರಳ. ಹಳೆಯ ನೋಟ್‌ಬುಕ್ಕೊಂದನ್ನು ಟಿವಿಯ ಪಕ್ಕ ಇಟ್ಟು ಒಂದು ವಾರ ಯಾರು ಏನು ನೋಡಿದರು ಎಂದು ಬರೆದರು. ವಾರದ ಕೊನೆಗೆ ಎಣಿಸಿದರೆ ಒಟ್ಟು ಐದು ಚಾನೆಲ್. ಅಜ್ಜಿಗೆ ಚಂದನ, ಧಾರಾವಾಹಿಯ ಒಂದು ಖಾಸಗಿ ಚಾನೆಲ್, ಬೆಳಗಿನ ಭಕ್ತಿಗೀತೆಗಳದ್ದೊಂದು. ಯಜಮಾನರಿಗೆ ಹತ್ತು ನಿಮಿಷದ ವಾರ್ತೆ, ಮತ್ತೆ ಕ್ರಿಕೆಟ್. ಆ ನವೆಂಬರಿನಲ್ಲಿ ವಿಶ್ವಕಪ್ ಫೈನಲ್ ಮುಗಿದಿತ್ತು, ಆ ದುಃಖದ ಮಾತು ಈಗ ಬೇಡ. ಸೊಸೆಯ ಹೆಸರಿನ ಮುಂದೆ ಏನೂ ಇರಲಿಲ್ಲ. ಟಿವಿ ಓಡುವ ಹೊತ್ತಿನಲ್ಲಿ ಆಕೆ ಒಂದೋ ಅಡುಗೆ ಮನೆಯಲ್ಲಿ, ಇಲ್ಲವೇ ಅತ್ತೆಗೆ ನಿದ್ದೆ ಬಂತೇ ಎಂದು ನೋಡುತ್ತ ಬಾಗಿಲಲ್ಲಿ.

ಪ್ರತಿಯೊಬ್ಬರೂ ಹೀಗೊಂದು ವಾರ ಬರೆದು ನೋಡಬೇಕು. 2019ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಜಾರಿಗೆ ಬಂದಾಗಿನಿಂದ ಬೇಕಾದ ಚಾನೆಲ್ ಒಂದೊಂದನ್ನೇ ಬಿಡಿಯಾಗಿ ಆರಿಸಿ ಕೊಳ್ಳುವ ಹಕ್ಕು ವೀಕ್ಷಕರಿಗಿದೆ. ಆದರೂ ನಾವು 300 ಚಾನೆಲ್‌ಗಳ ಕಂತೆಯನ್ನೇ ಹೊತ್ತು ತರುತ್ತೇವೆ. ಮಾರುಕಟ್ಟೆಯಲ್ಲಿ ಕೊಸರು ಕೊಟ್ಟರೆ ಬೇಡವೆನ್ನುವವರು ಯಾರು?

ಇನ್ನು ಆಕಾಶದ ಲೆಕ್ಕ. ಉಪಗ್ರಹಗಳೆಲ್ಲ ಒಂದೇ ಕಡೆ ಇಲ್ಲ. ಟಾಟಾ ಪ್ಲೇ ಬಳಸುವ ಜಿಸ್ಯಾಟ್-24 ಇರುವುದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5ರಲ್ಲಿ. ಡಿಶ್ ಟಿವಿಯದು 95. ಏರ್‌ಟೆಲ್‌ನದು 108.2. ಬೆಂಗಳೂರು 77.6 ಡಿಗ್ರಿಯಲ್ಲಿರುವುದರಿಂದ ಮೊದಲನೆಯದು ನಮ್ಮ ದಿಗಂತದಿಂದ ಸುಮಾರು 73 ಡಿಗ್ರಿ ಎತ್ತರದಲ್ಲಿ ಕಾಣಬೇಕು, ಹೆಚ್ಚುಕಡಿಮೆ ನೆತ್ತಿಯ ಮೇಲೆ. 93.5ರದ್ದು 66 ಡಿಗ್ರಿ. 108.2ರದ್ದು ಪೂರ್ವಕ್ಕೆ ಬಾಗಿ 52 ಡಿಗ್ರಿ. ತಾರಸಿಯ ಮೇಲೆ ಕೂರಿಸುವಾಗ ಈ ವ್ಯತ್ಯಾಸಕ್ಕೆ ಅರ್ಥವಿಲ್ಲ. ವಾಹನಕ್ಕೆ ಇದೆ. ಪಕ್ಕದಲ್ಲಿ ಲಾರಿ ನಿಂತರೆ, ಎದುರಿಗೆ ಮೂರು ಮಹಡಿಯ ಯಾತ್ರಿನಿವಾಸವಿದ್ದರೆ, ಆಕಾಶದಲ್ಲಿ ಎತ್ತರವಿರುವ ಉಪಗ್ರಹ ಅವುಗಳ ತಲೆಯ ಮೇಲಿಂದ ಕಾಣುತ್ತದೆ, ತಗ್ಗಿನದು ಮರೆಯಾಗುತ್ತದೆ.

ಹಾಗಾದರೆ 83ರದ್ದೇ ಸರಿ ಎಂದು ಯಜಮಾನರು ತೀರ್ಮಾನಿಸಿಯೇ ಬಿಟ್ಟಿದ್ದರು. ಅಡ್ಡ ಬಂದದ್ದು ಹಣದ ಲೆಕ್ಕ, ಮತ್ತು ಬೀದಿಯ ಕೇಬಲ್‌ನವನು.

ಸಾಮಾನ್ಯವಾಗಿ ಮನೆಯಲ್ಲಿ ಡಿಶ್ ಸಂಪರ್ಕ ಇರುವವರಿಗೆ ಹೊಸದೇನೂ ಬೇಕಿಲ್ಲ. ಚಂದಾ ಇರುವುದು ಪೆಟ್ಟಿಗೆಯಲ್ಲಿ, ತಟ್ಟೆ ಬರೀ ತಗಡು. ಎಲ್ಲರೂ ಪ್ರಯಾಣ ಹೊರಟಾಗ ಮನೆಯ ಪೆಟ್ಟಿಗೆಯನ್ನೇ ಒಯ್ದು, ಇನ್ನೊಂದು ತಟ್ಟೆಯನ್ನು ವಾಹನದಲ್ಲಿ ಇಟ್ಟುಕೊಂಡರೆ ಎರಡನೆಯ ಚಂದಾ ಉಳಿಯುತ್ತದೆ. ಸಂಪರ್ಕವನ್ನು ಕಂಪನಿ ಒಂದು ವಿಳಾಸಕ್ಕೆಂದು ಬರೆದು ಕೊಟ್ಟಿರುತ್ತದೆಯಾದ್ದರಿಂದ ಮೊದಲೇ ಫೋನ್ ಮಾಡಿ ಕೇಳುವುದು ಲೇಸು. ಆದರೆ ಈ ಮನೆಯಲ್ಲಿ ಇದ್ದದ್ದು ಕೇಬಲ್. ಅದನ್ನು ತೆಗೆಸಿ ಡಿಶ್ ಹಾಕಿಸಿದರೆ ಒಂದೇ ಪೆಟ್ಟಿಗೆ ಎರಡೂ ಕಡೆಗೆ ಆಗುತ್ತಿತ್ತು. ಅಜ್ಜಿ ಒಪ್ಪಲಿಲ್ಲ. ಮೂವತ್ತು ವರ್ಷದ ಹಿಂದೆ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಹೊಂಗೆಮರ ಹತ್ತಿದ ಹುಡುಗ ಅವನು, ಈಗ ತಲೆ ನರೆತಿದೆ. ಅಜ್ಜ ತೀರಿಹೋದ ದಿನ ಓಡಾಡಿದವನೂ ಅವನೇ. 'ಅವನ ಅನ್ನಕ್ಕೆ ಕಲ್ಲು ಹಾಕಿ ನನಗೆ ಟಿವಿ ಬೇಡ ಕಣೋ,' ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದದ್ದು ಎರಡು ದಾರಿ. ವರ್ಷಕ್ಕೆ ಮೂರೋ ನಾಲ್ಕೋ ಪ್ರಯಾಣಕ್ಕಾಗಿ ಇನ್ನೊಂದು ಚಂದಾ, ಇಲ್ಲವೇ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಚಂದಾ ಇಲ್ಲ, ವಿಳಾಸದ ಗೊಡವೆಯೂ ಇಲ್ಲ. ಪೆಟ್ಟಿಗೆ, ತಟ್ಟೆ ಒಮ್ಮೆ ಕೊಂಡರೆ ತೀರಿತು. ಕೆಲವು ಚಾನೆಲ್‌ಗಳು ಎಂಪೆಗ್-4 ಬಗೆಯಲ್ಲಿ ಬರುವುದರಿಂದ ಆ ಬಗೆಯ ಪೆಟ್ಟಿಗೆ ಕೊಳ್ಳುವುದು ಒಳ್ಳೆಯದು. ಚಂದನ ಅದರಲ್ಲಿ ಬರುತ್ತದೆ. ಬಾರದ್ದು ಅಜ್ಜಿಯ ಧಾರಾವಾಹಿ, ಅದು ಹಣ ಕೊಟ್ಟು ನೋಡುವ ಚಾನೆಲಿನದು.

ಈ ಕೊರತೆಯನ್ನು ಅಜ್ಜಿಯ ಮುಂದೆ ಹೇಳುವುದು ಹೇಗೆ ಎಂದು ಮಗ, ಸೊಸೆ ಎರಡು ದಿನ ಅಂಜಿದರು. ಕೊನೆಗೆ ಸೊಸೆಯೇ ಹೇಳಿದರು. ಅಜ್ಜಿ ನಕ್ಕುಬಿಟ್ಟರು. 'ಅಯ್ಯೋ, ಹದಿನೈದು ದಿನ ಬಿಟ್ಟು ಬಂದು ನೋಡಿದರೂ ಆ ಮದುವೆ ಅದೇ ಮಂಟಪದಲ್ಲಿ ನಿಂತಿರುತ್ತೆ ಬಿಡೇ. ಸೋಮೇಶ್ವರರು ಬರ್ತಾರೋ ಇಲ್ಲವೋ, ಅದು ಹೇಳು.'

ಫ್ರೀ ಡಿಶ್ ಎಂದು ಗೊತ್ತಾಯಿತು. ಈ ಮನೆಯ ಮಟ್ಟಿಗೆ ಅದೇ ಸರಿಯಾದ ಆಯ್ಕೆ. ಕನ್ನಡದ ಖಾಸಗಿ ಚಾನೆಲ್ ಇಲ್ಲದೆ ದಿನ ಕಳೆಯದವರು ಚಂದಾ ಕಟ್ಟಿಯೇ ತೀರಬೇಕು, ಅಂಥವರು ಆಕಾಶದಲ್ಲಿ ಎತ್ತರದ ಉಪಗ್ರಹ ಯಾವುದು ಎಂದು ಕೇಳಿ ಕೊಳ್ಳಲಿ. ಮೊಬೈಲಿನಲ್ಲೇ ನೋಡಬಹುದಲ್ಲ ಎನ್ನುವವರು ಘಟ್ಟದ ತಿರುವುಗಳಲ್ಲಿ ಸಂಕೇತದ ಗೆರೆಗಳು ಒಂದೊಂದಾಗಿ ಅಳಿಯುವುದನ್ನು ಒಮ್ಮೆ ನೋಡಿ ಬರಬೇಕು.

ತಟ್ಟೆಯನ್ನು ವಾಹನದ ತಲೆಯ ಮೇಲೆ ಕೂರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಅದು ಒಳ್ಳೆಯದಲ್ಲ. ಒಳಗೆ ಯಾರಾದರೂ ಎದ್ದು ಓಡಾಡಿದರೆ ಸ್ಪ್ರಿಂಗ್ ಅಲುಗಿ ವ್ಯಾನು ವಾಲುತ್ತದೆ, ಒಂದೂವರೆ ಡಿಗ್ರಿಯ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನೆರಳಿನದು. ಮುದುಕರು ಮಲಗಿರುವ ವಾಹನವನ್ನು ಮರದಡಿ ನಿಲ್ಲಿಸಬೇಕು, ತಟ್ಟೆಗೋ ಬಯಲು ಬೇಕು. ಜಯನಗರದ ಮನೆಯ ಮುಂದೆಯೇ ಇದು ಗೊತ್ತಾಯಿತು. ಬೀದಿಯ ಎರಡೂ ಕಡೆಯ ಮರಗಳು ಮೇಲೆ ಕೈ ಹಿಡಿದುಕೊಂಡ ಹಾಗೆ ಕೂಡಿವೆ, ಒದ್ದೆ ಎಲೆ ಕೊಂಬೆಗಳ ನಡುವೆ ಗಿಡ್ಡ ಅಲೆ ನುಸುಳದು. ಐದನೇ ಬ್ಲಾಕಿನ ಶಾಲಿನಿ ಮೈದಾನದ ಪಕ್ಕ ಒಯ್ದು ನಿಲ್ಲಿಸಿದಾಗ ಚಿತ್ರ ಬಂತು.

ಆದ್ದರಿಂದ ಬನಶಂಕರಿಯ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಕಾಲಿನ ಮಡಚುವ ಸ್ಟ್ಯಾಂಡ್ ಮಾಡಿಸಿದರು. ಜೊತೆಗೆ ಹದಿನೈದು ಮೀಟರ್ ಕೇಬಲ್. ವ್ಯಾನು ನೆರಳಲ್ಲಿ, ತಟ್ಟೆ ಬಯಲಲ್ಲಿ. ಗಾಳಿಗೆ ಬೀಳದಂತೆ ಸ್ಟ್ಯಾಂಡಿನ ನಡುವೆ 20 ಲೀಟರಿನ ನೀರಿನ ಕ್ಯಾನ್ ತೂಗುಹಾಕಿದರು. ಹತ್ತಿರ ಹೋಗಿ ನೋಡುವವರಿಗೆ ಒಂದು ಗೊಂದಲವಾಗುತ್ತದೆ: 66 ಡಿಗ್ರಿ ಮೇಲಕ್ಕೆ ನೋಡಬೇಕಾದ ತಟ್ಟೆ 40 ಡಿಗ್ರಿಯಷ್ಟೇ ಎತ್ತಿದಂತೆ ಕಾಣುತ್ತದೆ. ಈ ತಟ್ಟೆಗಳು ಸುಮಾರು 25 ಡಿಗ್ರಿ ಓರೆಯಾಗಿ ಕೆಲಸ ಮಾಡುವಂತೆ ರೂಪಿಸಿದವು, ಅದಕ್ಕೇ ಅಲೆ ಹಿಡಿಯುವ ಕೊಂಬು ಕೆಳಗಿನಿಂದ ಚಾಚಿರುವುದು. ಇದನ್ನರಿಯದೆ ಮುಖವನ್ನು ಆಕಾಶಕ್ಕೆ ಎತ್ತುತ್ತ ಹೋದರೆ ರಾತ್ರಿ ಕಳೆದರೂ ಏನೂ ಸಿಗದು.

ದಿಕ್ಕನ್ನು ತೋರಿಸಿದವರು ಅಜ್ಜಿ. ಉತ್ತರದಿಂದ 128 ಡಿಗ್ರಿ ಎಂದು ಯಜಮಾನರು ದಿಕ್ಸೂಚಿ ಹಿಡಿದು ಗೊಣಗುತ್ತಿದ್ದಾಗ, 'ಆಗ್ನೇಯ ಮೂಲೆ ಅನ್ನು, ಅಡುಗೆ ಮನೆ ಕಡೆ,' ಎಂದರು ಕಿಟಕಿಯಿಂದಲೇ. ಆಗ್ನೇಯ 135 ಡಿಗ್ರಿ. ಅಲ್ಲಿಂದ ತುಸು ಪೂರ್ವಕ್ಕೆ ಸರಿಸಿದರೆ ಸರಿಹೋಗುತ್ತದೆ.

ವಿದ್ಯುತ್ತಿನ ಲೆಕ್ಕ ಹೆಚ್ಚು ತಲೆ ತಿನ್ನಲಿಲ್ಲ. 24 ಅಂಗುಲದ ಟಿವಿ, ಪೆಟ್ಟಿಗೆ ಎರಡೂ ಸೇರಿ 50 ವ್ಯಾಟ್ ಎಂದಿಟ್ಟುಕೊಳ್ಳಿ. ಮೂರು ಗಂಟೆಗೆ 150 ವ್ಯಾಟ್-ಗಂಟೆ. 100 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ 600 ಸಿಗುತ್ತದೆ. ಬಹಳಷ್ಟು ಪೆಟ್ಟಿಗೆಗಳು 12 ವೋಲ್ಟಿನವೇ ಆದ್ದರಿಂದ ನೇರವಾಗಿ ಬ್ಯಾಟರಿಗೆ ಸಿಕ್ಕಿಸುವ ಆಸೆಯಾಗುತ್ತದೆ. ಎಂಜಿನ್ ಓಡುವಾಗ ಅದು 14 ವೋಲ್ಟ್ ದಾಟುತ್ತದೆ, ನಡುವೆ ರೆಗ್ಯುಲೇಟರ್ ಇರಲಿ.

ಡಿಸೆಂಬರಿನಲ್ಲಿ ಹೊರಟರು. ಮೊದಲ ರಾತ್ರಿ ಹಾಸನ. ಜೆ.ಸಿ. ನಗರದ ದೂರದರ್ಶನ ಕೇಂದ್ರದಿಂದ ಜಯನಗರಕ್ಕೆ ಕೆಲವೇ ಮೈಲಿ, ಆದರೆ ಅಲ್ಲಿ ತಯಾರಾದ ಚಿತ್ರ ಮೇಲೇರಿ ಇಳಿಯುವಾಗ ಸುಮಾರು 72,000 ಕಿಲೋಮೀಟರ್ ಸುತ್ತಿ, ಕಾಲು ಸೆಕೆಂಡ್ ತಡವಾಗಿ ಬರುತ್ತದೆ. ಆ ಉಪಗ್ರಹವನ್ನು ಅದರ ಜಾಗದಲ್ಲೇ ಹಿಡಿದಿಡುವವರು ಹಾಸನದಲ್ಲೇ ಇದ್ದಾರೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿ ಶುರುವಾದದ್ದು 1982ರಲ್ಲಿ. 'ಇಲ್ಲಿಂದಲೇ ಹಗ್ಗ ಹಿಡಿದಿದ್ದಾರೆ ಅಮ್ಮ,' ಎಂದು ಮಗ ಹೇಳಿದ್ದಕ್ಕೆ ಅಜ್ಜಿ, 'ಹಾಗಾದರೆ ಇಲ್ಲಿ ಚೆನ್ನಾಗಿ ಬರಬೇಕಲ್ಲ,' ಎಂದರಂತೆ. ಬರಲಿಲ್ಲ. ಪರದೆಯ ಮೇಲೆ ಶಕ್ತಿಯ ಗೆರೆ ತುಂಬಿತ್ತು, ಗುಣಮಟ್ಟದ ಗೆರೆ ಸೊನ್ನೆ. ಅಕ್ಕಪಕ್ಕದ ಇನ್ನೊಂದು ಉಪಗ್ರಹ ಸಿಕ್ಕಿತ್ತು. 93.5ಕ್ಕೂ 95ಕ್ಕೂ ಅಂತರ ಒಂದೂವರೆ ಡಿಗ್ರಿ ಮಾತ್ರ. ಕೂದಲೆಳೆಯಷ್ಟು ಸರಿಸುವುದು, ಐದು ಸೆಕೆಂಡ್ ಕಾಯುವುದು, ಮತ್ತೆ ಸರಿಸುವುದು. ಪೆಟ್ಟಿಗೆಗೆ ಅರ್ಥಮಾಡಿಕೊಳ್ಳಲು ಅಷ್ಟು ಹೊತ್ತು ಬೇಕು, ಅವಸರ ಮಾಡಿದವರಿಗೆ ಅದು ಸಿಗುವುದಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು. ಸೊಸೆ ನೋಟ್‌ಬುಕ್ಕಿನಲ್ಲಿ ಕೋನ ಬರೆದುಕೊಂಡರು.

ಕೊಲ್ಲೂರಿನಲ್ಲಿ ಎತ್ತರ 63 ಡಿಗ್ರಿ, ದಿಕ್ಕು 125. ಬೆಂಗಳೂರಿಗಿಂತ ಮೂರು ಮೂರು ಡಿಗ್ರಿಯ ವ್ಯತ್ಯಾಸ. ನಕ್ಷೆಯಲ್ಲಿ ಏನೂ ಅಲ್ಲ, ತಟ್ಟೆಗೆ ಅದೇ ಪೂರಾ ಬೇರೆ ಊರು. ಈ ಹೊತ್ತಿಗೆ ಕೆಲಸ ಐದೇ ನಿಮಿಷದ್ದಾಗಿತ್ತು. ಬೆಳಿಗ್ಗೆ ಮೂಕಾಂಬಿಕೆಯ ದರ್ಶನ, ಗಾಲಿಕುರ್ಚಿಯಲ್ಲಿ. ರಾತ್ರಿ ವ್ಯಾನು ಹಲಸಿನ ಮರದಡಿ, ತಟ್ಟೆ ಹತ್ತು ಮಾರು ದೂರದ ಗದ್ದೆಯ ಅಂಚಿನಲ್ಲಿ. ಒಂದು ಹಸು ಬಂದು ಕೇಬಲನ್ನು ಮೂಸಿ ಹೋಯಿತು. ರಸಪ್ರಶ್ನೆ ಶುರುವಾಯಿತು. ಅಜ್ಜಿ ಎರಡು ಉತ್ತರ ಹೇಳಿ ಮೂರನೆಯದಕ್ಕೆ ಮೊದಲೇ ನಿದ್ದೆ ಹೋದರು. ಸೊಸೆ ದನಿ ತಗ್ಗಿಸಿದರು, ಆರಿಸಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತು, ಆ ದಿನ ಮೊದಲ ಸಲ, ಬೆಂಗಳೂರಿನಲ್ಲಿ ಕಾಣದಷ್ಟು ನಕ್ಷತ್ರಗಳನ್ನು ನೋಡಿದರು.

ಜಯನಗರಕ್ಕೆ ಮರಳಿದ ಮೇಲೆ ಕೇಬಲ್‌ನವನು ತಿಂಗಳ ಹಣಕ್ಕೆ ಬಂದಾಗ ಗೇಟಿನ ಪಕ್ಕ ಒರಗಿಸಿದ್ದ ಮೂರು ಕಾಲಿನ ಸ್ಟ್ಯಾಂಡ್ ಕಂಡ. ತಿರುಗಿಸಿ ಮುರುಗಿಸಿ ನೋಡಿದ, ಕೊಂಬಿನ ತಿರುಪನ್ನು ಅರ್ಧ ಸುತ್ತು ಬಿಗಿ ಮಾಡಿದ. ಕನಕಪುರದ ಆಚೆ ಅವನ ಹಳ್ಳಿಯಲ್ಲಿ ಜಾತ್ರೆಯಂತೆ, ನಾಲ್ಕು ದಿನದ ಮಟ್ಟಿಗೆ ಕೊಡುತ್ತೀರಾ ಅಮ್ಮ ಎಂದು ಕೇಳಿದ. ಅಜ್ಜಿ ಒಳಗಿನಿಂದಲೇ ಹೇಳಿದರು, 'ತಗೊಂಡು ಹೋಗಪ್ಪ. ಆಗ್ನೇಯ ಮೂಲೆಗೆ ತಿರುಗಿಸು, ಸ್ವಲ್ಪ ಪೂರ್ವಕ್ಕೆ.'